ರಾಗಿ ಕಾಳಿನಷ್ಟು ತಗ್ಗು

ಮೋಡ ಸರಿಯಿತು ಅಂದುಕೊಂಡೆ, ಇಲ್ಲ, ಪಕ್ಕದ ಮನೆಯ ತಾರಸಿಯಲ್ಲಿ ಒಣಹಾಕಿದ ಬಿಳಿ ಬೆಡ್‌ಶೀಟು ಗಾಳಿಗೆ ಎದ್ದು ಬಿತ್ತು ಅಷ್ಟೇ, ಆ ಬಿಳುಪನ್ನೇ ಬಿಸಿಲು ಅಂತ ನಂಬಿ ದಡಕ್ಕನೆ ಎದ್ದು ನಿಂತೆನಲ್ಲ, ಬೆಳಗ್ಗೆ ಹತ್ತೂಮುಕ್ಕಾಲಿನಿಂದ ಆಕಾಶ ನೋಡಿ ನೋಡಿ ಕತ್ತು ಹಿಡಿದುಕೊಂಡಿದೆ, ಕೂತ್ಕೋ ಭೀಮಬಾಯಿ, ನೀನು ನಿಂತ್ಕೊಂಡ್ರೆ ಮೋಡ ಹೆದರಿ ಓಡಿಹೋಗಲ್ಲ, ಬೆತ್ತದ ಕುರ್ಚಿಯಿಂದ ಅಕ್ಕೋರು ಹೇಳುತ್ತಾರೆ, ಎಪ್ಪತ್ತು ದಾಟಿದ ಹೆಂಗಸು, ಹಲಸೂರಿನ ಶಾಲೆಯೊಂದರಲ್ಲಿ ಮೂವತ್ನಾಲ್ಕು ವರ್ಷ ವಿಜ್ಞಾನ ಕಲಿಸಿದವರು, ಹೆಸರು ಯಶೋದಮ್ಮ, ಆದರೆ ನಮ್ಮ ಶಹಾಬಾದಿನ ಕಡೆ ಪಾಠ ಹೇಳುವ ಹೆಂಗಸರೆಲ್ಲ ಅಕ್ಕೋರೇ, ಇಂದಿರಾನಗರಕ್ಕೆ ಬಂದರೂ ನನ್ನ ನಾಲಿಗೆ ತಿರುಗಲಿಲ್ಲ, ಅವರಿಗೂ ಆ ಹೆಸರು ಹಿಡಿಸಿಬಿಟ್ಟಿದೆ. ಅವರ ಮಗ್ಗುಲಲ್ಲಿ ಮರದ ಕಾಲಿನ ಮೇಲೆ ನಮ್ಮ ದುರ್ಬೀನು, ದುರ್ಬೀನು ಅಂದರೆ ನಾಲ್ಕಡಿಯ ಪೈಪು, ಮೋರಿಗೆ ಹಾಕುವಂಥದ್ದೇ, ಒಳಗೆಲ್ಲ ಕಪ್ಪು ಬಣ್ಣ ಬಳಿದದ್ದು, ಬುಡದಲ್ಲಿ ನಾನು ಉಜ್ಜಿದ ಗಾಜು, ಮೇಲೆ ಪಕ್ಕದಿಂದ ಹೊರಡುವ ಸಣ್ಣ ನಳಿಗೆ, ನಳಿಗೆಯ ಎದುರು ರಟ್ಟಿನ ಪೆಟ್ಟಿಗೆಯೊಳಗೆ ಅಂಟಿಸಿದ ಬಿಳಿ ಕಾಗದ, ಸೂರ್ಯ ಆ ಕಾಗದದ ಮೇಲೆ ಬೀಳಬೇಕು, ಸೂರ್ಯನ ಮುಂದೆ ಇವತ್ತು ಬೆಳ್ಳಿ ಹಾದುಹೋಗುತ್ತಿದೆಯಂತೆ, ಶುಕ್ರಗ್ರಹ ಅನ್ನುತ್ತಾರೆ ಅಕ್ಕೋರು, ಹೋದ ಸಲ ಹೀಗಾದದ್ದು ನೂರ ಇಪ್ಪತ್ತೆರಡು ವರ್ಷದ ಹಿಂದೆ, ಈಗ ಬದುಕಿರುವ ಮನುಷ್ಯರಲ್ಲಿ ಒಬ್ಬರೂ ಅದನ್ನು ಕಂಡವರಿಲ್ಲ, ಐದಕ್ಕೆ ಹತ್ತು ನಿಮಿಷ ಇರುವಾಗ ಮುಗಿದೇ ಹೋಗುತ್ತದೆ, ಈಗ ಮೂರು ಗಂಟೆ. ಅಕ್ಕೋರೆ, ಈ ಮ್ವಾಡ ಸರಿಯಂಗಿಲ್ಲ ಅನಸ್ತದ್ರಿ, ಅಂದೆ. ಸರಿಯತ್ತೆ, ಇನ್ನೂ ಟೈಮಿದೆ, ಅಂದರು, ಅಂದವರು ಕೈಗಡಿಯಾರವನ್ನು ಸೆರಗಿನಲ್ಲಿ ಮುಚ್ಚಿಕೊಂಡದ್ದನ್ನು ನಾನು ನೋಡಲಿಲ್ಲ ಅಂದುಕೊಂಡಿದ್ದಾರೆ.

ಮೋಡದಿಂದ ಕಾಣದೆ ಹೋದರೆ ಅದು ಮೋಡದ ತಪ್ಪು, ಅದಕ್ಕೆ ನಾನೇನು ಮಾಡಲಿ, ನನ್ನ ಹೆದರಿಕೆ ಬೇರೆ, ಮೋಡ ಸರಿದು ಬಿಸಿಲು ಬಂದು ಆಮೇಲೂ ಕಾಗದದ ಮೇಲೆ ಬರೀ ಕಲಸಿದ ಬೆಳಕು ಬಿದ್ದರೆ ಅದು ಯಾರ ತಪ್ಪು, ಗಾಜಿನದು, ಗಾಜು ಯಾರದು, ನನ್ನದು. ನನ್ನದೇ ಅಂತ ಬರೆದಿದೆಯಲ್ಲ, ಹೋದ ಭಾನುವಾರ ಅಕ್ಕೋರು ಗಾಜು ಗೀರುವ ಪೆನ್ಸಿಲು ತಂದು ಅದರ ಬೆನ್ನಿನ ಮೇಲೆ ಕಿರ್ ಕಿರ್ ಅಂತ ಕೊರೆದರು, ಭೀಮಬಾಯಿ, ಎರಡು ಸಾವಿರದ ನಾಲ್ಕು, ನನ್ ಹೆಸರ್ ಯಾಕ್ರಿ, ನಿಮ್ದು ಬರೀರಿ ಅಂದರೆ, ಕನ್ನಡಿ ಮಾಡಿದೋರು ಹೆಸರು ಹಾಕೋದು ಪದ್ಧತಿ, ನಾನೇನು ಮಾಡಿದೆ, ಕುರ್ಚೀಲಿ ಕೂತು ಕಾಫಿ ಕುಡಿದೆ, ಅಂದರು. ಹದಿನೆಂಟು ವರ್ಷದಿಂದ ನಾನೂ ಜಟ್ಟೆಪ್ಪನೂ ನೆಲ ಪಾಲಿಶ್ ಮಾಡುತ್ತಿದ್ದೇವೆ, ಬಯಲಿಗೆ ಅವನ ಮಿಷನ್ನು, ಮೂಲೆಗೆ, ಮೆಟ್ಟಿಲಿಗೆ, ಗೋಡೆಯಂಚಿಗೆ ನನ್ನ ಕೈ, ಗಂಡನ ಮಿಷನ್ನು ಹೋಗದ ಜಾಗವೆಲ್ಲ ನನ್ನದು, ರಿಚರ್ಡ್ಸ್ ಟೌನಿನಲ್ಲಿ ಒಂದು ಬಂಗಲೆಯ ಗೇಟಿನ ಅಮೃತಶಿಲೆಯ ಹಲಗೆಯನ್ನು ಉಜ್ಜಿ ಹೊಳಪು ತಂದವಳು ನಾನೇ, ಅದರ ಮೇಲೆ ಮಾಲೀಕರ ಹೆಸರಿತ್ತು, ಅವರ ಅಪ್ಪನ ಹೆಸರೂ ಇತ್ತು, ಮನೆಯ ನಾಯಿಯ ಚಿತ್ರವೂ ಇತ್ತು. ನನ್ನ ಹೆಸರು ರೇಷನ್ ಕಾರ್ಡಿನ ಆಚೆ ಎಲ್ಲಾದರೂ ಬರೆಯಬಹುದು ಅನ್ನುವುದೇ ನನಗೆ ಗೊತ್ತಿರಲಿಲ್ಲ, ಈಗ ಗೊತ್ತಾಗಿದೆ, ಗೊತ್ತಾದ ದಿನದಿಂದ ನಿದ್ದೆ ಸರಿಯಿಲ್ಲ.

ಈ ಮನೆಗೆ ಬಂದದ್ದು ಮೂರು ಮೆಟ್ಟಿಲಿಗೆ, ಜನವರಿಯಲ್ಲಿ, ಮುಂಬಾಗಿಲ ಮೆಟ್ಟಿಲು ಮಾಸಿವೆ ಅಂತ ಅಕ್ಕೋರ ತಮ್ಮ ರಾಮಯ್ಯನವರು ಕರೆಸಿದ್ದರು, ನಾನು ಕುಕ್ಕರುಗಾಲಲ್ಲಿ ಕೂತು ಉಜ್ಜುತ್ತಿದ್ದೆ, ಅಕ್ಕೋರು ಬಾಗಿಲಲ್ಲಿ ನಿಂತು ನನ್ನ ಮಣಿಕಟ್ಟನ್ನೇ ನೋಡುತ್ತಿದ್ದರು, ಅರ್ಧ ಗಂಟೆ, ನನಗೆ ಮುಜುಗರ, ಏನಾದರೂ ಕಳವಾಗಿದೆಯೋ ಅಂತ, ಕೊನೆಗೆ ಕೇಳಿದರು, ನಿನಗೆ ಕೈ ನೋಯಲ್ವಾ? ನೋಯ್ತದ್ರಿ, ನೋವಾದ್ರೂ ನಿಲ್ಲಂಗಿಲ್ಲ. ಮೇಲೆ ಬಾ, ಅಂದರು. ತಾರಸಿಯಲ್ಲಿ ಒಂದು ತಗಡಿನ ಡ್ರಮ್ಮು, ಅದರ ನೆತ್ತಿಗೆ ಕೂಡಿಸಿದ ದುಂಡನೆಯ ದಪ್ಪ ಗಾಜು, ಅಂಗೈ ಅಗಲದ್ದು, ಅದರ ಮೇಲೆ ಅಂಥದ್ದೇ ಇನ್ನೊಂದು, ಎರಡನ್ನೂ ಶಿವಾಜಿನಗರದ ವಾಜಿದ್ ಅವರ ಗುಜರಿ ಅಂಗಡಿಯಲ್ಲಿ ಹುಡುಕಿ ತಂದದ್ದಂತೆ, ನಡುವೆ ನೀರು, ನೀರಿನಲ್ಲಿ ಪುಡಿ, ಪುಡಿ ಮುಟ್ಟಿದ ಕೂಡಲೇ ನನಗೆ ನಗು ಬಂತು, ಇದು ನಮ್ಮ ಪಾಲಿಶ್ ಕಲ್ಲಿನದೇ ಪುಡಿ, ಎಂಬತ್ತು ನಂಬರಿನ ಒರಟು. ಮುಂದೆ ತಳ್ಳು, ಹಿಂದೆ ಎಳಿ, ಕೈಲಿರೋದನ್ನ ಚೂರು ತಿರುಗಿಸು, ನೀನೂ ಡ್ರಮ್ಮಿನ ಸುತ್ತ ಒಂದು ಹೆಜ್ಜೆ ಇಡು, ಮತ್ತೆ ತಳ್ಳು, ಅಷ್ಟೇ ಭೀಮಬಾಯಿ, ನವೆಂಬರಿಂದ ನಾನು ಮಾಡ್ದೆ, ಈಗ ನನ್ನ ಕೀಲು ಮುಷ್ಕರ ಹೂಡಿದೆ, ದಿನಾ ಒಂದು ಗಂಟೆ ಬಂದು ಮಾಡಿಕೊಡ್ತೀಯಾ, ಕನ್ನಡಿ ಮಾಡ್ತಿದ್ದೀನಿ, ಜೂನ್ ಎಂಟನೇ ತಾರೀಖಿಗೆ ಬೇಕೇ ಬೇಕು. ಎಂಥ ಸುಲಭದ ಕೆಲಸ ಅನ್ನಿಸಿತು, ಅದೂ ನಿಂತುಕೊಂಡು ಮಾಡುವುದು, ಮೊಣಕಾಲಿಗೆ ಹಬ್ಬ. ಗುಡಿ ಸುತ್ತಿದ ಹಾಗೆ ಡ್ರಮ್ಮು ಸುತ್ತಿದೆ, ಬೇಡಿಕೊಳ್ಳಲು ಏನೂ ಇರಲಿಲ್ಲ, ಆದ್ದರಿಂದ ತಲೆ ತನ್ನ ಪಾಡಿಗೆ ತಾನು ಎಲ್ಲೆಲ್ಲೋ ಹೋಗಿ ಬರುತ್ತಿತ್ತು, ನನಗೆ ಹೊಸದು ಏನಾದರೂ ಹೊಳೆಯುವುದಿದ್ದರೆ ಕೈ ಕೆಲಸದಲ್ಲಿರುವಾಗಲೇ, ಸುಮ್ಮನೆ ಕೂತಾಗ ಬರುವುದು ಚಿಂತೆ ಮಾತ್ರ.

ಆಮೇಲೆ ಫೆಬ್ರವರಿ, ಅಯ್ಯೋ ಆ ಫೆಬ್ರವರಿ, ಅಕ್ಕೋರು ಹದಿನೈದು ದಿನ ಕೆಜಿಎಫ್‌ನಲ್ಲಿರುವ ತಂಗಿಯ ಮನೆಗೆ ಹೋದರು, ಮೇಲಿನದು ಮೇಲೇ ಇರಲಿ, ಕೆಳಗಿನದು ಕೆಳಗೇ ಇರಲಿ ಅಂತ ಹೇಳಿ ಹೋದರು, ಮೂರನೇ ದಿನ ಕೆಲಸ ಮುಗಿಸಿ ಮೇಲಿನ ಗಾಜು ತೊಳೆದು, ಹದಿನೆಂಟು ವರ್ಷದ ಅಭ್ಯಾಸ ನೋಡಿ, ಮಟ್ಟ ಹೇಗಿದೆ ಅಂತ ಅದರ ಮೇಲೆ ಸ್ಟೀಲ್ ಪಟ್ಟಿ ಅಡ್ಡ ಇಟ್ಟು ಬೆಳಕಿಗೆ ಹಿಡಿದೆ, ನಡುವೆ ತಗ್ಗು. ಪಟ್ಟಿಯ ಅಡಿಯಿಂದ ಬೆಳಕು ಕಾಣುತ್ತಿದೆ, ಅಂಚಿನಲ್ಲಿ ಇಲ್ಲ, ನಡುವೆ ಇದೆ. ನೆಲ ಪಾಲಿಶ್ ಮಾಡುವವರಿಗೆ ತಗ್ಗಿಗಿಂತ ದೊಡ್ಡ ಅವಮಾನವಿಲ್ಲ, ಸೋಮಾರಿ ಮಿಷನ್ನನ್ನು ಒಂದೇ ಕಡೆ ನಿಲ್ಲಿಸಿದರೆ ಹಾಗಾಗುತ್ತದೆ, ಆಮೇಲೆ ಅಲ್ಲಿ ನೀರು ನಿಲ್ಲುತ್ತದೆ, ಮನೆಯವರು ಬಕೆಟ್ಟಿನಿಂದ ನೀರು ಸುರಿದು ನಮ್ಮನ್ನು ಕರೆದು ತೋರಿಸುತ್ತಾರೆ, ನೋಡಮ್ಮ ಎಂಥ ಕೆಲಸ ಅಂತ. ಪಾಪದ ಅಕ್ಕೋರು, ಮೂರು ತಿಂಗಳು ಒದ್ದಾಡಿ ತಗ್ಗು ಮಾಡಿಟ್ಟಿದ್ದಾರೆ, ನಾನೂ ನೋಡದೆ ಅದನ್ನೇ ಹೆಚ್ಚು ಮಾಡಿದ್ದೇನೆ, ಬರುವುದರೊಳಗೆ ಸರಿಮಾಡಿಬಿಡೋಣ, ಹೇಳದೆಯೇ ಮಾಡಿ ಖುಷಿಪಡಿಸೋಣ. ಮೇಲಿನ ಗಾಜನ್ನು ಕೆಳಗೆ ಹಾಕಿದೆ, ಕೆಳಗಿನದನ್ನು ಮೇಲೆ, ಅಂಚಿಗೆ ಭಾರ ಕೊಟ್ಟೆ, ದಿನಕ್ಕೆ ಒಂದು ಗಂಟೆಯಲ್ಲ, ಮೂರು ಗಂಟೆ, ಒಂದೊಂದು ದಿನ ನಾಲ್ಕು, ಪಟ್ಟಿ ಇಟ್ಟು ನೋಡುವುದು, ಉಜ್ಜುವುದು, ನೋಡುವುದು, ಹನ್ನೆರಡನೇ ದಿನ ಬೆಳಕಿನ ಎಳೆ ಮಾಯವಾಯಿತು, ಉದ್ದಕ್ಕಿಟ್ಟರೂ ಇಲ್ಲ, ಅಡ್ಡಕ್ಕಿಟ್ಟರೂ ಇಲ್ಲ, ಎಷ್ಟು ಖುಷಿಯಾಯಿತು ಅಂದರೆ ರಾಮಮೂರ್ತಿ ನಗರಕ್ಕೆ ಹೋಗುವ ಬಸ್ಸಿನಲ್ಲಿ ಟಿನ್ ಫ್ಯಾಕ್ಟರಿ ದಾಟುವವರೆಗೂ ಒಬ್ಬಳೇ ನಗುತ್ತಿದ್ದೆ, ಪಕ್ಕದಲ್ಲಿ ಕೂತವಳು ಎದ್ದು ಬೇರೆ ಸೀಟಿಗೆ ಹೋದಳು.

ಅಕ್ಕೋರು ಬಂದರು, ಚಪ್ಪಲಿ ಬಿಡುವ ಮೊದಲೇ ನಾನೇ ಹೇಳಿದೆ, ಅಕ್ಕೋರೆ, ನಡುವ ತಗ್ಗು ಬಿದ್ದಿತ್ರಿ, ಎಲ್ಲಾ ತಗದು ಮಟ್ಟ ಮಾಡೀನ್ರಿ. ಅವರ ಮುಖ. ಪಟ್ಟಿ ತಂದರು, ಇಟ್ಟರು, ತಿರುಗಿಸಿ ಇಟ್ಟರು, ಕನ್ನಡಕ ಒರೆಸಿ ಮತ್ತೆ ಇಟ್ಟರು, ಆಮೇಲೆ ತಾರಸಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು, ಏನೋ ದೊಡ್ಡ ತಪ್ಪಾಗಿದೆ ಅಂತ ನನ್ನ ಕಾಲಿಗೆ ಗೊತ್ತಾಯಿತು, ತಲೆಗೆ ಇನ್ನೂ ಗೊತ್ತಾಗಿರಲಿಲ್ಲ, ಆಗ ಅವರ ಭುಜ ಅಲುಗಾಡಿತು, ಅಳುತ್ತಿದ್ದಾರೆ ಅಂತ ಹತ್ತಿರ ಹೋದರೆ ನಗು, ಕೆಮ್ಮು ಬರುವಷ್ಟು ನಗು, ಮೂವತ್ನಾಲ್ಕು ವರ್ಷ ಪಾಠ ಮಾಡಿದೋಳು ಕಣೆ ನಾನು, ಏನು ಮಾಡ್ತಿದ್ದೀವಿ ಅನ್ನೋದನ್ನೇ ನಿನಗೆ ಹೇಳಲಿಲ್ಲವಲ್ಲ, ಆ ತಗ್ಗೇ ಬೇಕಾಗಿತ್ತು ಭೀಮಬಾಯಿ, ತಗ್ಗೇ ಕನ್ನಡಿ. ಕನ್ನಡಿ ಅಂದ್ರ ಸಪಾಟ ಇರ್ತದಲ್ರಿ, ಅಂದೆ. ಅಡುಗೆಮನೆಯಿಂದ ಹೊಸ ಸೌಟು ತಂದು ಮುಖದ ಮುಂದೆ ಹಿಡಿದರು, ನನ್ನ ಮುಖ ತಲೆಕೆಳಗಾಗಿ ಅದರಲ್ಲಿ, ನೋಡು, ಸಪಾಟಾಗಿರೋದು ಬೆಳಕನ್ನ ಬಂದ ಹಾಗೇ ವಾಪಸ್ ಕಳಿಸುತ್ತೆ, ತಗ್ಗಾಗಿರೋದು ಎಲ್ಲಾನೂ ಒಂದೇ ಕಡೆ ಕೂಡಿಸುತ್ತೆ, ನಮಗೆ ಬೇಕಾದ ತಗ್ಗು ಎಷ್ಟು ಗೊತ್ತಾ, ಒಂದು ರಾಗಿ ಕಾಳಿನಷ್ಟು, ಅದಕ್ಕಿಂತ ಹೆಚ್ಚಿಲ್ಲ, ಆದರೆ ಅಷ್ಟೂ ದುಂಡಗೆ ಇರಬೇಕು. ಅವತ್ತು ನಾನು ಅತ್ತೆ, ಬಾಯಿಬಿಟ್ಟೇ ಅತ್ತೆ, ಮೂರು ತಿಂಗಳ ತಗ್ಗನ್ನು ಹನ್ನೆರಡು ದಿನದಲ್ಲಿ ಅಳಿಸಿ ಹಾಕಿದ ಪಾಪಿ ಅಂತ. ಅವರು ಮಾತ್ರ ಗಾಜನ್ನು ಅಂಗೈಯಲ್ಲಿಟ್ಟು ತೂಗುತ್ತ, ಇಷ್ಟು ಸಮ ಮಾಡೋದು ತಗ್ಗು ಮಾಡೋದಕ್ಕಿಂತ ಕಷ್ಟ ಕಣೆ, ಪುಸ್ತಕದಲ್ಲಿ ಹಾಗೇ ಬರೆದಿದ್ದಾರೆ, ಇದನ್ನ ಮಾಡಿದ ಕೈ ಅದನ್ನೂ ಮಾಡತ್ತೆ, ಅಂದರು, ಇನ್ನೂ ಮೂರೂವರೆ ತಿಂಗಳಿದೆ.

ಹಾಗೆ ಈ ತಗ್ಗು ಪೂರ್ತಿ ನನ್ನದಾಯಿತು, ಅವರ ಕೈಯ ಒಂದು ಗೀರೂ ಅದರಲ್ಲಿ ಉಳಿದಿಲ್ಲ, ನಾನೇ ಅಳಿಸಿದ್ದೆನಲ್ಲ. ಆಮೇಲೆ ಆಶ್ಚರ್ಯದ ಮೇಲೆ ಆಶ್ಚರ್ಯ, ಎರಡು ಗಾಜು, ಅಳತೆ ಇಲ್ಲ, ಅಚ್ಚು ಇಲ್ಲ, ಸುಮ್ಮನೆ ಎಲ್ಲ ದಿಕ್ಕಿಗೂ ಉಜ್ಜಿದರೆ ಒಂದು ಬಟ್ಟಲಾಗುತ್ತದೆ, ಇನ್ನೊಂದು ಉಬ್ಬುತ್ತದೆ, ಎರಡೂ ತಪ್ಪಿಲ್ಲದ ದುಂಡು, ಯಾಕ್ರಿ ಹಿಂಗ ಅಂತ ಕೇಳಿದರೆ, ಯೋಚನೆ ಮಾಡು ಅಂದು ಹೋದರು, ಮೇಷ್ಟರ ಬುದ್ಧಿ, ನಾನು ನಾಲ್ಕು ದಿನ ಡ್ರಮ್ಮು ಸುತ್ತುತ್ತ ಯೋಚಿಸಿದೆ, ಐದನೇ ದಿನ ನಮ್ಮವ್ವನ ಒರಳು ನೆನಪಾಯಿತು, ಗುಂಡು ಕಲ್ಲು ಒರಳನ್ನು ಸವೆಸುತ್ತದೆ, ಒರಳು ಗುಂಡನ್ನು ಸವೆಸುತ್ತದೆ, ಎಲ್ಲಿ ಉಬ್ಬಿದೆಯೋ ಅಲ್ಲಿ ತಾಗುತ್ತದೆ, ತಾಗಿದ್ದು ಸವೆಯುತ್ತದೆ, ಹೇಗೆ ತಿರುಗಿಸಿದರೂ ಎಲ್ಲ ಕಡೆ ತಾಗುವುದು ದುಂಡು ಮಾತ್ರ, ಬೇರೆ ಆಕಾರಕ್ಕೆ ಉಳಿಗಾಲವೇ ಇಲ್ಲ, ಮಹಡಿಯಿಂದ ಓಡಿ ಇಳಿದು ಹೇಳಿದೆ, ಅಕ್ಕೋರು ಸ್ನಾನಕ್ಕೆ ಹೋಗಿದ್ದರು, ಬಚ್ಚಲ ಬಾಗಿಲಿಗೇ ಹೇಳಿದೆ, ಒಳಗಿನಿಂದ ಚಪ್ಪಾಳೆ ಕೇಳಿತು. ಇನ್ನೊಂದು ಸಲ, ಸಣ್ಣ ಪುಡಿ ಎಲ್ಲೂ ಸಿಗುತ್ತಿಲ್ಲ, ಒಂದೇ ಒಂದು ದಪ್ಪ ಕಣ ಬೆರೆತರೂ ಗಾಜಿನಲ್ಲಿ ಗುಳಿ ಬೀಳುತ್ತದೆ, ಆ ಗುಳಿ ತೆಗೆಯಲು ವಾರ ಬೇಕು ಅಂತ ಅವರು ತಲೆ ಮೇಲೆ ಕೈಹೊತ್ತು ಕೂತಿದ್ದರು, ಊರಲ್ಲಿ ಮಳೆಗಾಲದ ಹಳ್ಳದ ನೀರನ್ನು ನಾವು ಕೊಡದಲ್ಲಿ ತಿಳಿಯಾಗಲು ಬಿಡುತ್ತಿದ್ದೆವು, ದಪ್ಪದ್ದು ಬೇಗ ಇಳಿಯುತ್ತದೆ, ಸಣ್ಣದು ಮೇಲೇ ತೇಲುತ್ತದೆ, ಹಾಗೇ ಪುಡಿಯ ನೀರನ್ನು ಒಂದು ಬಕೆಟ್ಟಿನಿಂದ ಇನ್ನೊಂದಕ್ಕೆ, ಇನ್ನೊಂದರಿಂದ ಮತ್ತೊಂದಕ್ಕೆ ಬಗ್ಗಿಸಿದೆ, ಕೊನೆಯ ಬಕೆಟ್ಟಿನಡಿ ಕಾಡಿಗೆಯಷ್ಟು ನುಣುಪಿನ ಪುಡಿ. ಇದನ್ನ ಯಾರು ಹೇಳ್ಕೊಟ್ರು? ಯಾರ್ ಹೇಳ್ಬೇಕ್ರಿ, ನೀರೇ ಹೇಳ್ತದ. ಅಕ್ಕೋರು ನನ್ನನ್ನು ನೋಡಿದ ನೋಟ ನಾನು ಸಾಯುವವರೆಗೂ ಮರೆಯುವುದಿಲ್ಲ, ದೊಡ್ಡ ಕಾರ್ಖಾನೆಗಳಲ್ಲೂ ಹೀಗೇ ಮಾಡ್ತಾರೆ, ಆದರೆ ನಿನಗೆ ಹೊಳೆದದ್ದು ನಿನ್ನದೇ, ಅಂದರು. ಅವತ್ತು ಸಂಜೆ ಜಟ್ಟೆಪ್ಪನಿಗೆ ಹೇಳಿದೆ, ಅವನು, ಸೂರ್ಯನ್ನ ಹಿಡೀತೀಯಂತ, ಮೊದ್ಲು ಸಾರಿನಾಗ ಉಪ್ಪು ಹಾಕು, ಅಂದ, ರುಚಿ ನೋಡಿದೆ, ನಿಜವಾಗಿಯೂ ಹಾಕಿರಲಿಲ್ಲ.

ಮತ್ತೆ ಆ ಬ್ಲೇಡಿನ ಪರೀಕ್ಷೆ, ಕತ್ತಲ ಕೋಣೆಯಲ್ಲಿ ಸೂಜಿ ತೂತಿನಷ್ಟು ದೀಪ, ಗಡ್ಡದ ಬ್ಲೇಡಿನ ಅಂಚಿನ ಹಿಂದೆ ಕಣ್ಣಿಟ್ಟರೆ ಗಾಜಿನ ಮೈ ಪೂರಾ ನೆರಳು ಬೆಳಕಾಗಿ ಎದ್ದು ಕಾಣುತ್ತದೆ, ಕೂದಲಿಗಿಂತ ಸಾವಿರ ಪಾಲು ಸಣ್ಣ ದಿಬ್ಬವಿದ್ದರೂ ಬೆಟ್ಟ, ಅಕ್ಕೋರು ಗಾಜಿಗೆ ಹೆಬ್ಬೆರಳು ಒತ್ತಿ ತೆಗೆದರು, ಆ ಜಾಗ ಮೈಯ ಬಿಸಿಗೆ ಉಬ್ಬಿತ್ತು, ಉಬ್ಬಿದ್ದು ನೋಡನೋಡುತ್ತ ಇಳಿಯಿತು, ಗಾಜು ಉಸಿರು ಬಿಟ್ಟ ಹಾಗೆ. ಎಷ್ಟು ಚೆಂದ ಅದ ಅಕ್ಕೋರೆ, ಅಂದೆ. ಚೆಂದ ಯಾಕೆ ಹೇಳು, ಅಂದರು, ನೆಲಕ್ಕೆ ಕೊನೆಯ ಕೈ ಹಾಕಿ ತೊಳೆದಾಗ ಟ್ಯೂಬ್‌ಲೈಟು ನೆಲದೊಳಗೆ ಗೆರೆ ಎಳೆದ ಹಾಗೆ ನಿಲ್ಲುತ್ತದಲ್ಲ, ಆಗ ನನಗೆ ಒಂದು ಸಂತೋಷವಾಗುತ್ತದೆ, ಅದನ್ನು ಯಾರಿಗೂ ಹೇಳಿದವಳಲ್ಲ, ಮನೆ ನಮ್ಮದಲ್ಲ, ನಾಳೆ ಒಳಗೂ ಬಿಡುವುದಿಲ್ಲ, ಆದರೂ ಆಗುತ್ತದೆ, ಇದ್ದದ್ದು ಇದ್ದ ಹಾಗೆ ಕಂಡರೆ ಚೆಂದ್ರಿ, ಅಂದೆ, ನನಗೇ ಗೊತ್ತಿಲ್ಲದೆ ಬಂತು ಆ ಮಾತು. ಅಕ್ಕೋರು ತಮ್ಮ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಂಡರು, ಪೆನ್ನು ತೆಗೆದು ತಾರೀಖು ಹಾಕಿ ಬರೆದುಕೊಂಡರು. ಅದೇ ಬ್ಲೇಡು ನನ್ನ ಕೆಟ್ಟ ಚಾಳಿಯನ್ನೂ ತೋರಿಸಿಕೊಟ್ಟಿತು, ಗಾಜಿನ ಸುತ್ತ ಬಳೆಯ ಹಾಗೆ ಒಂದು ಗೆರೆ, ಅಂಚು ಇಳಿದಿದೆ ಭೀಮಬಾಯಿ, ಅಂಚನ್ನ ಜಾಸ್ತಿ ಒತ್ತಿದ್ದೀಯ, ಅಂದರು ಅಕ್ಕೋರು, ಮೂಲೆ ಉಜ್ಜುವ ಕೈ ಅಲ್ಲವೇ, ಅಂಚು ಕಂಡರೆ ಬಿಡುವುದಿಲ್ಲ. ದಿನಗಳಿರಲಿಲ್ಲ, ಕಪ್ಪು ಕಾಗದದ ಬಳೆ ಕತ್ತರಿಸಿ ಆ ಅಂಚನ್ನು ಮುಚ್ಚಿದ್ದಾರೆ, ಅದು ಸಾಕೋ ಸಾಲದೋ ಸೂರ್ಯನೇ ಹೇಳಬೇಕು, ಪೈಪಿಗೆ ಕೂಡಿಸಿದ್ದೇ ನಿನ್ನೆ ಸಂಜೆ, ಗಾಜಿಗೆ ಇನ್ನೂ ಹೊಳಪಿನ ಲೇಪ ಹಾಕಿಸಿಲ್ಲ, ಸೂರ್ಯನ ಹೊರತು ಬೇರೇನೂ ಅದಕ್ಕೆ ದಕ್ಕುವುದಿಲ್ಲ.

ಅಕ್ಕ, ಟಿವೀಲಿ ಎಷ್ಟು ಚೆನ್ನಾಗಿ ತೋರಿಸ್ತಿದ್ದಾರೆ, ಕೆಳಗೆ ಬಾ, ರಾಮಯ್ಯನವರು ಮೆಟ್ಟಿಲ ಬುಡದಿಂದ ನಾಲ್ಕನೇ ಸಲ ಕೂಗುತ್ತಾರೆ, ಭೀಮಬಾಯೀನೂ ಬರಲಿ, ಬೋಂಡಾ ಇದೆ. ಅದು ಬೇರೆಯೋರ ಕನ್ನಡಿ ಕಣೋ, ಅಕ್ಕೋರು ಕೂಗುತ್ತಾರೆ, ಬೋಂಡಾ ಮೇಲಕ್ಕೆ ಕಳಿಸು. ಎದುರು ಮನೆಯನ್ನು ಒಡೆದು ಹೋಟೆಲು ಮಾಡುತ್ತಿದ್ದಾರೆ, ಡ್ರಿಲ್ಲಿನ ಸದ್ದಿಗೆ ಪೈಪು ನಡುಗುತ್ತದೆ, ಮೂರೂ ನಲವತ್ತು, ಬೆಳ್ಳಿ ಹೇಗಿರಬಹುದು, ಸಣ್ಣವಳಿದ್ದಾಗ ಕಲ್ಲು ತೆಗೆಯುವ ಕಣಿಗೆ ಕೂಲಿಗೆ ಹೊರಡುವ ಹೊತ್ತಿಗೆ ಮೂಡುತ್ತಿತ್ತು, ಅವ್ವ ತಲೆ ಬಾಚುತ್ತ, ಏಳ್ ಏಳ್, ಬೆಳ್ಳಿ ಮೂಡ್ಯಾದ, ಎಂಥ ಬಿಳುಪು, ಎಂಥ ಹೊಳಪು, ಕಣ್ಣು ಚುಚ್ಚುವ ಹಾಗೆ, ಸೂರ್ಯನ ಮುಂದೆ ಅದು ಕಪ್ಪಗೆ ಕಾಣುತ್ತೆ ಅಂತ ಅಕ್ಕೋರು ಹತ್ತು ಸಲ ಹೇಳಿದ್ದಾರೆ, ನಾನು ಹತ್ತು ಸಲ ಹೂಂ ಅಂದಿದ್ದೇನೆ, ಆದರೆ ಹೂಂ ಅಂದದ್ದು ಬಾಯಿ, ಮನಸ್ಸಿಗೆ ಬೆಳ್ಳಿ ಅಂದರೆ ಬಿಳುಪೇ. ಅಕ್ಕೋರು ಕೈಗಡಿಯಾರ ಮುಚ್ಚಿಕೊಳ್ಳುವುದನ್ನೂ ಬಿಟ್ಟಿದ್ದಾರೆ, ಮುಂದಿನದು ಎಂಟು ವರ್ಷಕ್ಕಂತೆ, ಎಪ್ಪತ್ತರಲ್ಲಿ ಎಂಟು ವರ್ಷವನ್ನು ಯಾರು ಕೈಯಲ್ಲಿ ಹಿಡಿದಿರುತ್ತಾರೆ, ಬಾರೋ ಮಾರಾಯ, ಸೂರ್ಯನಿಗೆ ಹೇಳುತ್ತೇನೆ, ನನ್ನ ಹೆಸರಿಗಾದರೂ ಬೇಡ, ಅವರ ನಗುವಿಗಾದರೂ ಬಾ. ಅಕ್ಕೋರು ಕುರ್ಚಿ ಹಿಡಿದು ಏಳುತ್ತಾರೆ, ಯಾಕೆ ಎದ್ದರು, ಓ, ತೋಳಿನ ಮೇಲೆ ಬಿಸಿ, ನನ್ನ ನೆರಳು ನೆಲದ ಮೇಲೆ, ಬೆಡ್‌ಶೀಟು ಅಲ್ಲ, ಬಿಸಿಲೇ, ಬಿಸಿಲು.

ಪೈಪು ತಿರುಗಿಸು, ಅದರ ನೆರಳು ಚಿಕ್ಕದಾಗಬೇಕು, ಇನ್ನೂ, ಇನ್ನೂ, ಸಾಕು, ಅಕ್ಕೋರ ದನಿ ತರಗತಿಯ ದನಿಯಾಗಿದೆ, ಕಾಗದದ ಮೇಲೆ ಬೆಳಕು ಬಿತ್ತು, ಕಲಸಿದ ಬೆಳಕು, ಅಯ್ಯೋ ಅದೇ, ನಾನು ಹೆದರಿದ್ದೇ ಆಯಿತು, ನಳಿಗೆ ಹಿಂದಕ್ಕೆ ತಗೊಳ್ಳೇ, ನಿಧಾನ, ಕೈ ನಡುಗಿಸಬೇಡ, ಹಿಂದಕ್ಕೆ ತೆಗೆಯುತ್ತೇನೆ, ಬೆಳಕು ಕುಗ್ಗುತ್ತದೆ, ಗಟ್ಟಿಯಾಗುತ್ತದೆ, ಅಂಚು ಕೂಡುತ್ತಿದೆ, ಕೂಡಿತು, ಚಹಾದ ಸಾಸರಿನಷ್ಟು ಅಗಲದ ಬಿಳಿ ಸೂರ್ಯ, ಕೈವಾರದಲ್ಲಿ ಗೆರೆ ಎಳೆದ ಹಾಗೆ ದುಂಡು, ನನ್ನ ತಗ್ಗು, ಅವ್ವಾ, ಸರಿಯಿದೆ, ನನ್ನ ತಗ್ಗು ಸರಿಯಿದೆ — ಇಲ್ಲ. ಇದೇನು. ಬಲಗಡೆ, ಅಂಚಿನಿಂದ ಸ್ವಲ್ಪ ಒಳಗೆ, ಕರಿ ಕಲೆ, ಮೆಣಸಿನ ಕಾಳಿನಷ್ಟು, ಗುಳಿ, ಗುಳಿ ಬಿದ್ದಿದೆ, ಎಲ್ಲೋ ಒಂದು ದಪ್ಪ ಕಣ ಉಳಿದಿತ್ತು, ಇಲ್ಲಾ ಕಾಗದಕ್ಕೇ ಏನೋ ಮೆತ್ತಿದೆ, ಅಕ್ಕೋರು ನೋಡುವ ಮೊದಲು, ಸೆರಗಿನ ತುದಿ ಹಿಡಿದು ಪೆಟ್ಟಿಗೆಯೊಳಗೆ ಕೈಹಾಕಿ ಒರೆಸುತ್ತೇನೆ, ಹೋಗಲಿಲ್ಲ, ಎಂಜಲು ಹಚ್ಚಿ ಒರೆಸುತ್ತೇನೆ, ಕಲೆ ಸೆರಗಿನ ಮೇಲಿದೆ, ಸೆರಗು ತೆಗೆದರೆ ಕಾಗದದ ಮೇಲಿದೆ, ಬೆರಳಿನಿಂದ ಉಜ್ಜುತ್ತೇನೆ, ಉಗುರಿನಿಂದ ಕೆರೆಯುತ್ತೇನೆ, ಕಲೆ ಉಗುರಿನ ಮೇಲೆ ಹತ್ತಿ ಕೂತಿದೆ, ಉಜ್ಜಬೇಡ ಭೀಮಬಾಯಿ, ಅಕ್ಕೋರ ದನಿ ಬೆನ್ನ ಹಿಂದೆ, ತೀರ ಸಣ್ಣಗೆ, ಒದ್ದೆಯಾಗಿ, ಉಜ್ಜಬೇಡ ಕಣೆ, ಅದು ಹೋಗಲ್ಲ, ಅದೇ ಶುಕ್ರ. ಕೈ ನಿಂತಿತು. ಕೈ ತೆಗೆಯಬೇಕು, ಅವರು ಕಾಗದದ ಮೇಲೆ ನೋಡಬೇಕು, ತೆಗೆಯುತ್ತೇನೆ, ಒಂದು ಕ್ಷಣ ಅಕ್ಕೋರೆ, ಒಂದೇ ಕ್ಷಣ, ಪುಡಿ ತಿಂದು ಸವೆದ ಉಗುರು, ಅದರ ಮೇಲೆ ಬೆಳ್ಳಿ, ಕಪ್ಪಗೆ, ದುಂಡಗೆ, ಅಂಚು ಒಂದಿಷ್ಟೂ ಕದಡದೆ, ಉಗುರಿನ ಮೇಲೆ, ಕಪ್ಪಗೆ, ದುಂಡಗೆ